ಆಟ ಉಳಿಯಿತು, ದನಿ ಹೋಯಿತು

ಹೋದ ದೀಪಾವಳಿಗೆ ಅಕ್ಕಲಕೋಟದ ನಮ್ಮ ಮನೆಯಲ್ಲಿ ಹಳೆಯ ವಹಿಗಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದ್ದೆವು. ಅಜ್ಜನವರ ಕಾಲದ ರೋಜಕೀರ್ದಿ, ಖತಾವಣಿ, ಉದರಿ ಪುಸ್ತಕ ಎಲ್ಲವೂ ಕೆಂಪು ಅರಿವೆಯ ರಟ್ಟಿನಲ್ಲಿ ಇಂದಿಗೂ ಭದ್ರವಾಗಿವೆ. ಪುಣೆಯಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ತಮ್ಮನ ಮಗ ಹಬ್ಬಕ್ಕೆ ಬಂದಿದ್ದ. ವಹಿಗಳ ಧೂಳು ಝಾಡಿಸಲು ಕರೆದರೆ "ಬಂದೆ ಕಾಕಾ, ಒಂದೇ ನಿಮಿಷ" ಎಂದು ತನ್ನ ಯಂತ್ರದ ಮುಂದೆಯೇ ಕುಳಿತ. ಬಗ್ಗಿ ನೋಡಿದರೆ ಅದೇ ಹಳೆಯ ಮೀಸೆಯ ಮಾರಿಯೊ!

ಈ ಮಾರಿಯೊ ನಮಗೆ ಹೊಸಬನಲ್ಲ. 1990ರ ದಶಕದಲ್ಲಿ ಮಕ್ಕಳ ಹಟಕ್ಕೆ ಸೋತು ಸೋಲಾಪುರದಿಂದ ಟಿ.ವಿ.ಗೆ ಜೋಡಿಸುವ ಆಟದ ಪೆಟ್ಟಿಗೆಯೊಂದನ್ನು ತಂದಿದ್ದೆವು. ಅದರ ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟಗಳಿವೆ ಎಂದು ಬರೆದಿತ್ತು. ಎಣಿಸಿದರೆ ಹತ್ತಿಪ್ಪತ್ತು ಆಟಗಳೇ ಮತ್ತೆ ಮತ್ತೆ ಬರುತ್ತಿದ್ದವು. ವ್ಯಾಪಾರಿ ಮನೆತನದ ಮಕ್ಕಳಲ್ಲವೇ, ಆ ಲೆಕ್ಕ ಸುಳ್ಳು ಎಂದು ಮೊದಲ ದಿನವೇ ಕಂಡುಹಿಡಿದರು! ಆದರೂ ಮಾರಿಯೊನನ್ನು ಮಾತ್ರ ಬಿಡಲಿಲ್ಲ.

ಈ ಸಲ ಅವನು ನೋಡುತ್ತಿದ್ದುದು ಬೇರೆ ಆಟ. ಇಲ್ಲಿ ಮಾರಿಯೊ ನೆಲದಿಂದ ಗಡ್ಡೆಗಳನ್ನು ಕಿತ್ತು ಎಸೆಯುತ್ತಿದ್ದ. ಪಕ್ಕದಲ್ಲೇ ಕುಳಿತಿದ್ದ ನಮ್ಮ ತಾಯಿಗೆ ಇದು ಸರಿಬರಲಿಲ್ಲ. "ಗಡ್ಡಿ ಯಾಕ ಕೀಳ್ತಾನೋ? ನಮ್ಮವರ ಪೈಕಿ ಅಲ್ಲೇನ ಅವ?" ಎಂದರು. "ತಿನ್ನಾಂಗಿಲ್ಲ ಅಜ್ಜಿ, ಬರೇ ಒಗೀತಾನ" ಎಂದು ಹುಡುಗ ಸಮಾಧಾನ ಹೇಳಿದ. ಆಮೇಲೆ ಆ ಆಟದ ಕಥೆಯನ್ನು ನಮಗೆ ಬಿಡಿಸಿ ಹೇಳಿದ. ಕೇಳುತ್ತ ನಾವು ವಹಿಗಳನ್ನೇ ಮರೆತೆವು.

ಜಪಾನಿನ ನಿಂಟೆಂಡೊ ಕಂಪನಿಯ 'ಸೂಪರ್ ಮಾರಿಯೊ ಬ್ರದರ್ಸ್' ಬಂದದ್ದು 1985ರಲ್ಲಿ. ಮರುವರ್ಷ ಜಪಾನಿನಲ್ಲಿ ಬಂದ ಎರಡನೆಯ ಭಾಗ ಬಹಳ ಕಠಿಣವಾಗಿತ್ತು. ಅಮೆರಿಕದ ಗಿರಾಕಿಗಳಿಗೆ ಅದು ನಡೆಯದು ಎಂದು ಕಂಪನಿಯವರು ಒಂದು ಉಪಾಯ ಮಾಡಿದರು. 1987ರಲ್ಲಿ ಫುಜಿ ಟಿ.ವಿ.ಯ ಉತ್ಸವವೊಂದರ ಸಲುವಾಗಿ ಹೊರಬಂದಿದ್ದ 'ಡೋಕಿ ಡೋಕಿ ಪ್ಯಾನಿಕ್' ಎಂಬ ಬೇರೊಂದು ಆಟವನ್ನು ಎತ್ತಿಕೊಂಡು, ಪಾತ್ರಗಳ ಮುಖ ಬದಲಿಸಿ, 1988ರಲ್ಲಿ ಅಮೆರಿಕಕ್ಕೆ ಮಾರಿಯೊನ ಎರಡನೆಯ ಭಾಗವೆಂದು ಕಳಿಸಿದರು. ಹಳೆಯ ಥಾನಿಗೆ ಹೊಸ ಅಂಚು ಹಚ್ಚಿದಂತೆ! ಸರಕು ಚೆನ್ನಾಗಿ ಹೋಯಿತು. 1992ರಲ್ಲಿ ಅದೇ ಸರಕು 'ಸೂಪರ್ ಮಾರಿಯೊ ಯುಎಸ್‌ಎ' ಎಂಬ ಹೆಸರು ಹೊತ್ತು ಜಪಾನಿಗೆ ಮರಳಿತು. ಮೊದಲಿನ ಆಟದಲ್ಲಿ ಮಾರಿಯೊ ಪ್ರಾಣಿಗಳ ತಲೆಯ ಮೇಲೆ ಹಾರಿ ತುಳಿಯುತ್ತಿದ್ದ. ಇದರಲ್ಲಿ ತಲೆಯ ಮೇಲೆ ನಿಂತರೂ ಅವಕ್ಕೇನೂ ಆಗುವುದಿಲ್ಲ. ಕೊನೆಯ ವೈರಿ ಒಬ್ಬ ಕಪ್ಪೆರಾಜ. ತರಕಾರಿಯೆಂದರೆ ಅವನಿಗೆ ಆಗದು. ಅವನ ಬಾಯಿಗೆ ತರಕಾರಿ ಎಸೆದೇ ಗೆಲ್ಲಬೇಕು.

ಈ ಆಟಕ್ಕೆ ಹೆಚ್ಚಿನ ಜನ ಕೇಳರಿಯದ ಮುಂದಿನ ಭಾಗವೊಂದಿದೆ. ಅದು ಯಾವ ಅಂಗಡಿಯಲ್ಲೂ ಮಾರಾಟಕ್ಕೆ ಬರಲಿಲ್ಲ, ಆಕಾಶದಿಂದ ಬಂತು! 1995ರ ಏಪ್ರಿಲ್‌ನಲ್ಲಿ ನಿಂಟೆಂಡೊದವರು ಸೇಂಟ್ ಗಿಗಾ ಎಂಬ ಉಪಗ್ರಹ ರೇಡಿಯೊ ಕಂಪನಿಯ ಜೊತೆ ಸೇರಿ 'ಸ್ಯಾಟೆಲ್ಲಾವ್ಯೂ' ಎಂಬ ಸೇವೆ ಆರಂಭಿಸಿದರು. ಸೂಪರ್ ಫ್ಯಾಮಿಕಾಮ್ ಆಟದ ಯಂತ್ರದ ಕೆಳಗೆ ಒಂದು ಪೆಟ್ಟಿಗೆ ಕೂರಿಸಿದರೆ ಉಪಗ್ರಹದಿಂದ ಆಟಗಳು ಮನೆಗೆ ಇಳಿಯುತ್ತಿದ್ದವು. ಪರದೆಯ ಮೇಲೆ ಒಂದು ಪುಟ್ಟ ಪೇಟೆ ಕಾಣುತ್ತಿತ್ತು. ಅದರ ಬೀದಿಗಳಲ್ಲಿ ಓಡಾಡಿ, ಬೇಕಾದ ಮನೆ ಹೊಕ್ಕು ಸರಕು ಪಡೆಯಬೇಕು. ಅದಕ್ಕೆ 'ಹೆಸರು ಕಳವಾದ ಪೇಟೆಯ ಕಥೆ' ಎಂಬ ಅರ್ಥದ ಹೆಸರಿಟ್ಟಿದ್ದರಂತೆ.

'ಬಿಎಸ್ ಸೂಪರ್ ಮಾರಿಯೊ ಯುಎಸ್‌ಎ ಪವರ್ ಚಾಲೆಂಜ್' ಈ ದಾರಿಯಿಂದಲೇ 1996ರಲ್ಲಿ ಬಂತು, ವಾರಕ್ಕೊಂದರಂತೆ ನಾಲ್ಕು ಭಾಗಗಳಲ್ಲಿ. ಹಳೆಯ ಆಟದ ಬಯಲುಗಳಲ್ಲೇ ಮಾರಿಯೊನ ಬಂಗಾರದ ಮೂರ್ತಿಗಳನ್ನು ಅಡಗಿಸಿಟ್ಟಿದ್ದರು. ನಿಗದಿಯಾದ ದಿನ, ನಿಗದಿಯಾದ ಹೊತ್ತಿಗೆ ಜಪಾನಿನ ಆ ಮನೆಗಳವರೆಲ್ಲ ಒಟ್ಟಿಗೆ ಕುಳಿತು ಆಡಬೇಕು. ಆಡುವಾಗ ರೇಡಿಯೊ ನಾಟಕದಂತೆ ನಟರ ದನಿ ಕೇಳುತ್ತಿತ್ತು. ಆ ದನಿ ಕಥೆ ಹೇಳುತ್ತಿತ್ತು, ದಾರಿ ತೋರುತ್ತಿತ್ತು. ಹೊತ್ತು ಮುಗಿಯಿತೋ, ಆಟವೂ ಮುಗಿಯಿತು.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಇದರ ಮುಂದಿನ ಮಾತು. ಆಟವನ್ನು ಇಳಿಸಿಕೊಳ್ಳಲು ಒಂದು ಸಣ್ಣ ಸ್ಮೃತಿಪೆಟ್ಟಿಗೆ ಇತ್ತು. ಅದರಲ್ಲಿ ಹಿಡಿಯುತ್ತಿದ್ದುದು 8 ಮೆಗಾಬಿಟ್, ಅಂದರೆ ಬರೀ 1 ಮೆಗಾಬೈಟ್. ಈಗಿನ ಮೊಬೈಲಿನ ಒಂದು ಚಿತ್ರಕ್ಕೇ ಅದು ಸಾಲದು. ಹೊಸದು ಬಂದಾಗ ಜನ ಹಳೆಯದನ್ನು ಅಳಿಸಿ ಅದರ ಮೇಲೆಯೇ ಬರೆದರು. 2000ದ ಜೂನ್ 30ರಂದು ಸೇವೆಯೇ ನಿಂತಿತು. ಎಷ್ಟೋ ವರ್ಷಗಳ ಮೇಲೆ ಈ ಆಟಗಳ ಅಭಿಮಾನಿಗಳು ಹಳೆಯ ಪೆಟ್ಟಿಗೆಗಳನ್ನು ಕೊಂಡು, ಒಳಗೆ ಅಳಿಯದೆ ಉಳಿದ ತುಣುಕುಗಳನ್ನು ಹುಡುಕಿ ತೆಗೆದರು. ಆದರೆ ದನಿ ಆ ಪೆಟ್ಟಿಗೆಗೆ ಇಳಿದೇ ಇರಲಿಲ್ಲ. ಅದು ಗಾಳಿಯಲ್ಲಿ ಬಂದು ಗಾಳಿಯಲ್ಲೇ ಹೋಗಿತ್ತು. ಆ ದಿನ ಯಾರಾದರೂ ವಿಡಿಯೊ ಕ್ಯಾಸೆಟ್ಟಿಗೆ ಮುದ್ರಿಸಿಕೊಂಡಿದ್ದರೆ ಅಷ್ಟೇ ಉಂಟು.

"ಆಟ ಸಿಕ್ಕರೂ ಹೇಳುವವರ ದನಿ ಇಲ್ಲ ಕಾಕಾ. ಮಾರಿಯೊ ಸುಮ್ಮನೇ ಓಡ್ತಾನ, ಯಾಕಂತ ತಿಳಿಯಂಗಿಲ್ಲ" ಎಂದ ಹುಡುಗ.

ನಾವು ಮಾತಾಡಲಿಲ್ಲ. ನಮ್ಮ ಕೈಯಲ್ಲಿದ್ದುದು 1972ರ ಉದರಿ ಪುಸ್ತಕ. ಆ ವರ್ಷದ ಭೀಕರ ಬರಗಾಲವನ್ನು ಈ ಭಾಗದ ಹಿರಿಯರು ಇನ್ನೂ ಮರೆತಿಲ್ಲ. ಅದರಲ್ಲಿ ಹಾಳೆ ಹಾಳೆಗೆ ಬಾಕಿಗಳ ಮೇಲೆ ಅಜ್ಜನವರು ಒಂದೊಂದು ಗೆರೆ ಎಳೆದಿದ್ದಾರೆ. ಜಮಾ ಆದ ಗುರುತಿಲ್ಲ, ಕಾರಣ ಬರೆದಿಲ್ಲ. ಒಂದು ಸೀರೆ, ಎರಡು ಧೋತರ, ಮೇಲೊಂದು ಗೆರೆ. ಅಷ್ಟೇ.

ಕಾರಣ ಬೇರೆ ಕಡೆ ಇತ್ತು. 1984ರಲ್ಲಿ ನಮ್ಮ ತಮ್ಮ ಹೊಸ ಟೇಪ್ ರೆಕಾರ್ಡರ್ ತಂದಾಗ ಅಜ್ಜನವರನ್ನು ಕೂರಿಸಿ ಅಂಗಡಿಯ ಕಥೆಯನ್ನೆಲ್ಲ ಹೇಳಿಸಿದ್ದೆವು. ಯಾರ ಬಾಕಿ ಯಾಕೆ ಬಿಟ್ಟರು ಎಂದು ಒಬ್ಬೊಬ್ಬರ ಹೆಸರು ಹಿಡಿದು ಹೇಳಿದ್ದರು. 1987ರಲ್ಲಿ ಅವರು ತೀರಿಕೊಂಡರು. 1991ರಲ್ಲಿ ತಂಗಿಯ ಮದುವೆ. ಗಡಿಬಿಡಿಯಲ್ಲಿ ಖಾಲಿ ಕ್ಯಾಸೆಟ್ ಸಿಗಲಿಲ್ಲ. "ಇದರಾಗೇನದ ನೋಡೋಣ" ಎಂದು ಯಾರೂ ಕೇಳಿ ನೋಡಲಿಲ್ಲ. ಅಜ್ಜನವರ ದನಿಯ ಮೇಲೆ ನಾವೇ ಸಿನಿಮಾ ಹಾಡು ತುಂಬಿದೆವು. ಇದರಲ್ಲಿ ಅನ್ಯರ ತಪ್ಪಿಲ್ಲ. ಒಂದು ಪೈಸೆಯ ಲೆಕ್ಕ ತಪ್ಪಿದರೆ ರಾತ್ರಿಯೆಲ್ಲ ಹುಡುಕುವ ಮನೆತನ ನಮ್ಮದು. ಇಷ್ಟು ದೊಡ್ಡ ಬಾಬತ್ತು ಕಳೆದದ್ದು ನಮಗೆ ಗೊತ್ತಾದದ್ದೇ ಮದುವೆಯ ನಂತರ.

ಆ ಹಾಳೆಯನ್ನು ತಾಯಿಯ ಮುಂದೆ ಹಿಡಿದೆವು. ಹೆಸರು ಓದುತ್ತಿದ್ದಂತೆ ಅವರು ಕನ್ನಡಕ ತೆಗೆದು ನಕ್ಕರು. "ಇವ ಎತ್ತು ಮಾರಿಕೊಂಡವ. ಮಾವನವರಿಗೆ ನಾನ ಕೇಳಿದ್ದೆ, ಮಳಿ ಆದಮ್ಯಾಲ ಕೊಡ್ತಾನಲ್ಲ, ಗೆರಿ ಯಾಕ ಹೊಡದ್ರಿ ಅಂತ. ಬಾಕಿ ಇದ್ದರ ಅವ ನಾಚಿಕಿಗೆ ಈ ಓಣಿಗೇ ಬರಾಂಗಿಲ್ಲ, ಗೆರಿ ಹೊಡದರ ಮತ್ತ ಬಾಗಿಲಕ್ಕ ಬರ್ತಾನ ಅಂದಿದ್ದರು. ಬಂದ. ಮಗಳ ಮದವಿ ಅರಿವಿ ನಮ್ಮಲ್ಲೇ ಒಯ್ದ."

ಐವತ್ತು ವರ್ಷ ಆ ಗೆರೆಯನ್ನು ನಾವು ನಷ್ಟದ ಗೆರೆ ಎಂದೇ ತಿಳಿದಿದ್ದೆವು.

ಹುಡುಗ ಯಾವಾಗ ತನ್ನ ಮೊಬೈಲನ್ನು ಅಜ್ಜಿಯ ಮುಂದಿಟ್ಟನೋ ನಮಗೆ ತಿಳಿಯಲಿಲ್ಲ. ಅಂದು ಸಂಜೆಯವರೆಗೆ ಹನ್ನೊಂದು ಗೆರೆಗಳ ಕಥೆ ಸಿಕ್ಕಿತು. ಉಳಿದವುಗಳ ಬಗ್ಗೆ ತಾಯಿಗೂ ನೆನಪಿಲ್ಲ. ಅವು ಇನ್ನು ಬರೀ ಗೆರೆಗಳೇ.

ಬಂಧುಗಳೇ, ನಿಮ್ಮ ಮಾಳಿಗೆಯ ಮೇಲೂ ಇಂಥ ವಹಿಗಳು ಇರಬಹುದು. ಈ ವರ್ಷ ಬಿಸಿಲಿಗೆ ಹಾಕುವಾಗ ಪಕ್ಕದಲ್ಲಿ ಮನೆಯ ಹಿರಿಯರನ್ನೂ ಕೂರಿಸಿಕೊಳ್ಳಿ. ನಾವು ಮುದ್ರಿಸಿದ್ದನ್ನು ಮೂರು ಮನೆಗಳಲ್ಲಿ ಬೇರೆ ಬೇರೆಯಾಗಿ ಇಟ್ಟಿದ್ದೇವೆ. ಕೇಳುವಾಗ ತಾಯಿಯ ಮಾತಿನ ಹಿಂದೆ ಸಣ್ಣಗೆ ಮಾರಿಯೊನ ಸಂಗೀತವೂ ಕೇಳುತ್ತದೆ. ಅದನ್ನು ಅಳಿಸಲೇ ಎಂದು ಹುಡುಗ ಕೇಳಿದ. ಬೇಡ, ಏನನ್ನೂ ಅಳಿಸಬೇಡ ಎಂದೆವು.