ಬಣ್ಣ ಎಲ್ಲಿಗೆ ಹೋಯಿತು?

ಇಳಕಲ್ಲಿನವನಾದ ನನಗೆ ಮಂಗಳಗಿರಿ ಪರಊರು ಅನ್ನಿಸಲೇ ಇಲ್ಲ. ಭಾಷೆ ತೆಲುಗು, ಮಗ್ಗದ ಸದ್ದು ಮಾತ್ರ ನಮ್ಮದೇ. ಬೆಟ್ಟದ ಮೇಲಿನ ಪಾನಕಾಲ ನರಸಿಂಹಸ್ವಾಮಿಗೆ ಬೆಲ್ಲದ ಪಾನಕವೇ ನೈವೇದ್ಯ. ಕೆಳಗಿನ ಬೀದಿಗಳಿಗೆ ಹತ್ತಿ ಸೀರೆಯೇ ಅನ್ನ.

ನೂಲು ಹಿಡಿಯದೆ ಉಳಿದ ಬಣ್ಣ ತೊಳೆದ ನೀರಿನ ಜೊತೆ ಹೋಗುತ್ತದೆ. ಬಿಸಿಲಿಗೂ ಸೋಪಿಗೂ ಮಾಸಬಾರದೆಂದು ಮಾಡಿದ ಬಣ್ಣ ಅದು. ನೀರಲ್ಲೂ ಬೇಗ ಕೊಳೆಯದು. ಸೀರೆಗೆ ಯಾವುದು ಗುಣವೋ ನೀರಿಗೆ ಅದೇ ಕೇಡು.

ಇದ್ದಿಲು ಬಣ್ಣ ತೆಗೆಯುತ್ತದೆಂದು ಲೋವಿಟ್ಸ್ ಎಂಬ ವಿಜ್ಞಾನಿ 1785ರಲ್ಲೇ ಕಂಡಿದ್ದ. ಇದ್ದಿಲು ಬಣ್ಣವನ್ನು ಸ್ಪಂಜಿನಂತೆ ಹೀರುವುದಿಲ್ಲ, ಮೈಗೆ ಅಂಟಿಸಿಕೊಳ್ಳುತ್ತದೆ. ಇದೇ ಅಧಿಶೋಷಣೆ. ಒಂದು ಗ್ರಾಂ ಒಳ್ಳೆಯ ಸಕ್ರಿಯ ಇಂಗಾಲದ ಒಳರಂಧ್ರಗಳ ಗೋಡೆಗಳನ್ನು ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರ್, ಅಂದರೆ ಹತ್ತು ಗುಂಟೆ ಹೊಲ!

ಗುಂಟೂರು ಸೀಮೆಯಲ್ಲಿ ಹತ್ತಿ ಕಡ್ಡಿಗೇನು ಬರವೇ? ಅದನ್ನು ಪುಡಿ ಮಾಡಿ, ಫೆರಿಕ್ ಕ್ಲೋರೈಡ್ ನೀರಲ್ಲಿ ನೆನೆಸಿ ಒಣಗಿಸಿ, ಗಾಳಿಯಾಡದ ಕುಲುಮೆಯಲ್ಲಿ 600 ಡಿಗ್ರಿಯ ಆಸುಪಾಸು ಸುಟ್ಟರೆ ಕಬ್ಬಿಣ ಸೇರಿದ ಇದ್ದಿಲು ಸಿಗುತ್ತದೆ. ನಾನು ಪಾಠ ಮಾಡುವ ಕಾಲೇಜಿನಲ್ಲಿ ಅದನ್ನು ಮೆಥಿಲೀನ್ ಬ್ಲೂ ನೀರಿಗೆ ಕಲಸಿ, ಸ್ವಲ್ಪ ಹೊತ್ತು ಬಿಟ್ಟು, ಬೀಕರಿನ ಪಕ್ಕ ಆಯಸ್ಕಾಂತ ಹಿಡಿದೆವು. ಕರಿ ಪುಡಿಯೆಲ್ಲ ಒಂದು ಬದಿಗೆ ಬಂತು, ನೀರು ತಿಳಿಯಾಯಿತು. "ರಂಗು ಎಕ್ಕಡಿಕಿ ಪೋಯಿಂದಿ ಸಾರ್?" ಎಂದಳು ಒಬ್ಬ ಹುಡುಗಿ.

ಸರಿಯಾದ ಪ್ರಶ್ನೆ. ಬಣ್ಣ ಎಲ್ಲಿಗೂ ಹೋಗಿಲ್ಲ, ಪುಡಿಯಲ್ಲಿ ಕೂತಿದೆ. ಆ ಪುಡಿಯನ್ನು ತಿಪ್ಪೆಗೆ ಸುರಿದರೆ ಮಳೆಗೆ ಮತ್ತೆ ಬಿಟ್ಟುಕೊಳ್ಳಬಹುದು. ಇಲ್ಲಿ ಕಬ್ಬಿಣದ ಎರಡನೆಯ ಉಪಯೋಗವಿದೆ: ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿದರೆ ಬಣ್ಣದ ಅಣುವೇ ಒಡೆಯುತ್ತದೆ. ಫೆಂಟನ್ 1894ರಲ್ಲಿ ವರದಿ ಮಾಡಿದ ಕ್ರಿಯೆಯಿದು. ಪುಡಿಯನ್ನು ಮತ್ತೆ ಬಳಸಬಹುದು; ಆದರೆ ಪ್ರತಿ ಸಲ ಒಂದಿಷ್ಟು ಕಬ್ಬಿಣ ನೀರಿಗೆ ಬಿಡುತ್ತದೆ, ಬಲ ಕುಗ್ಗುತ್ತದೆ.

ಇನ್ನೊಂದು ತೊಡಕು. ಮೆಥಿಲೀನ್ ಬ್ಲೂಗೆ ಧನ ಆವೇಶ. ಹತ್ತಿ ನೂಲಿಗೆ ಹಾಕುವ ರಿಯಾಕ್ಟಿವ್ ಬಣ್ಣಗಳಿಗೆ ಋಣ ಆವೇಶ, ಜೊತೆಗೆ ಬಾನಿಯ ತುಂಬ ಉಪ್ಪು. ಬೀಕರಿನಲ್ಲಿ ಗೆದ್ದ ಪುಡಿ ಬಾನಿಯಲ್ಲಿ ಸೋಲಬಹುದು. ಇದನ್ನೆಲ್ಲ ಕೇಳಿದ ಪರಿಚಯದ ಬಣ್ಣಗಾರರೊಬ್ಬರು, "ನೀರು ತಿಳಿಯಾಗಲಿ ಸಾರ್, ನಮ್ಮ ಕೂಲಿಯೂ ಗಿಟ್ಟಲಿ" ಎಂದರು.

ಇಳಕಲ್, ಗುಳೇದಗುಡ್ಡ, ರಬಕವಿ ಕಡೆಯ ಓದುಗರಿಗೆ ಒಂದು ಮಾತು. ಇಂಥ ಪುಡಿ ಮಾರಲು ಯಾರಾದರೂ ಬಂದರೆ ತಿಳಿ ನೀರು ನೋಡಿ ಒಪ್ಪಬೇಡಿ. ನಿಮ್ಮ ಬಾನಿಯ ನೀರಲ್ಲೇ ಮಾಡಿ ತೋರಿಸಲಿ. ಆಮೇಲೆ ನಮ್ಮ ಹುಡುಗಿಯ ಪ್ರಶ್ನೆಯನ್ನೇ ಕೇಳಿ.