ಮೈಕು ಹಿಡಿಯುವವರು ಯಾರು?

ಗಡಿಯಾಚೆಯ ಕನ್ನಡ ಶಾಲೆಯ ಮೇಷ್ಟ್ರುಗಳಾದ ನಮಗೆ ಪಾಠದ ಜೊತೆಗೆ ಇನ್ನೊಂದು ಕೆಲಸ ತಾನಾಗಿಯೇ ಅಂಟಿಕೊಂಡುಬಿಡುತ್ತದೆ. ಅದು ಮೈಕು ಹಿಡಿಯುವ ಕೆಲಸ. ಶಾಲಾ ವಾರ್ಷಿಕೋತ್ಸವ, ಮಹಿಳಾ ಸಂಘದ ಸಭೆ, ಬ್ಯಾಂಕಿನವರ ಸಾಲದ ಮಾಹಿತಿ, ಬೀಜ-ಗೊಬ್ಬರದ ಕಂಪನಿಗಳ ಶಿಬಿರ... ಏನೇ ಇರಲಿ, "ಮೇಷ್ಟ್ರೇ, ನೀವೇ ಸ್ವಲ್ಪ ನಡೆಸಿಕೊಡಿ" ಅಂತ ಕರೆ ಬರುತ್ತದೆ. ಎರಡೂ ಭಾಷೆ ಬರುತ್ತದಲ್ಲ, ಅದಕ್ಕೆ!

ನಾವು ಬಿಟ್ಟಿಯಾಗಿ ಮಾಡುವ ಈ ಕೆಲಸ ಬೆಂಗಳೂರು, ಕೊಯಮತ್ತೂರಿನಂಥ ಊರುಗಳಲ್ಲಿ ಒಂದು ವೃತ್ತಿ. ಕನ್ನಡದಲ್ಲಿ ನಿರೂಪಣೆ ಅಂದರೆ ಥಟ್ಟನೆ ನೆನಪಾಗುವುದು ಅಪರ್ಣಾ ಅವರು. ಪುಟ್ಟಣ್ಣ ಕಣಗಾಲರ 'ಮಸಣದ ಹೂವು' ಚಿತ್ರದಿಂದ ಬಂದವರು, ನಮ್ಮ ಮೆಟ್ರೋದ ಕನ್ನಡ ಪ್ರಕಟಣೆಗಳಿಗೆ ದನಿಯಾದವರು. 2024ರ ಜುಲೈನಲ್ಲಿ ಅವರು ತೀರಿಕೊಂಡಾಗ ನಮ್ಮ ಬೆಟ್ಟದ ಮನೆಗಳಲ್ಲೂ ಜನ ಮರುಗಿದರು. ಸ್ಪಷ್ಟ ಉಚ್ಚಾರಕ್ಕೆ ಎಂಥ ಬೆಲೆ ಇದೆ ಅನ್ನುವುದಕ್ಕೆ ಅವರೇ ಸಾಕ್ಷಿ.

ಆದರೆ ವ್ಯಾಪಾರದ ಸಭೆಗಳಿಗೆ ಚೆಂದದ ನಿರೂಪಣೆಯೊಂದೇ ಸಾಲದು. ನಿರೂಪಕರು ಕಾರ್ಯಕ್ರಮವನ್ನು ಮುಂದೆ ಸಾಗಿಸುತ್ತಾರೆ. ಮಾಡರೇಟರ್ ಮಾತುಕತೆಯನ್ನು ಮುಂದೆ ಸಾಗಿಸುತ್ತಾರೆ. ಹೆಚ್ಚು ಮಾತಾಡುವವರನ್ನು ನಯವಾಗಿ ನಿಲ್ಲಿಸಬೇಕು, ಮಾತಾಡದವರ ಬಾಯಿ ಬಿಡಿಸಬೇಕು, ಸಭಿಕರ ಪ್ರಶ್ನೆಗೆ ಉತ್ತರ ಬಂತೋ ಅಥವಾ ಬರೀ ಮಾತು ಬಂತೋ ಅಂತ ನೋಡಬೇಕು. ನಮ್ಮ ವಿಚಾರಗೋಷ್ಠಿಗಳ ಸಮನ್ವಯಕಾರರು ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

ತಾಳವಾಡಿಯಲ್ಲಿ ಇದು ಯಾಕೆ ಮುಖ್ಯ? ನಮ್ಮದು ಈರೋಡು ಜಿಲ್ಲೆ, ಮನೆಮಾತು ಕನ್ನಡ. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ನಾವು ಈಚೆಗೇ ಉಳಿದೆವು. ಕಂಪನಿಯವರು, ಅಧಿಕಾರಿಗಳು ಸತ್ಯಮಂಗಲದ ಕಡೆಯಿಂದ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ಬರುತ್ತಾರೆ. ಮಾತು ತಮಿಳಿನಲ್ಲಿ, ಪರದೆಯ ಮೇಲಿನ ಅಕ್ಷರ ಇಂಗ್ಲಿಷಿನಲ್ಲಿ. ಕೆಳಗೆ ಕೂತ ಹಿರಿಯರು ಓದುವುದು ಕನ್ನಡ. 2022ರ ಫೆಬ್ರವರಿಯಿಂದ ಹೈಕೋರ್ಟಿನ ಆದೇಶದಂತೆ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಜಾರಿಗೆ ಬಂದ ಮೇಲೆ ಬಂದವರಿಗೆ ಇಳಿಯುವ ಅವಸರವೂ ಸೇರಿಕೊಂಡಿದೆ. ಕಾಡುಪ್ರಾಣಿಗಳಿಗೆ ಅದು ಬೇಕು, ಅದರಲ್ಲಿ ನಮ್ಮ ತಕರಾರಿಲ್ಲ. ಆದರೆ ಅವಸರದಲ್ಲಿ ಮೊದಲು ಕತ್ತರಿ ಬೀಳುವುದು ಕೊನೆಗಿಟ್ಟ ಪ್ರಶ್ನೋತ್ತರಕ್ಕೆ!

ಒಂದು ಉದಾಹರಣೆ ಹೇಳುತ್ತೇವೆ. ಕೋಸು ಬೆಳೆಯುವವರ ಜೊತೆ ಒಪ್ಪಂದ ಮಾಡಿಕೊಳ್ಳಲು ಒಂದು ಕಂಪನಿಯವರು ಬಂದಿದ್ದರು. ಹೆಸರು ಬೇಡ ಬಿಡಿ. ಒಂದು ಗಂಟೆ ವಿವರಿಸಿ, "ಏನಾದರೂ ಸಂದೇಹ ಇದೆಯಾ?" ಅಂತ ತಮಿಳಿನಲ್ಲಿ ಕೇಳಿದರು. ಯಾರೂ ತುಟಿ ಬಿಚ್ಚಲಿಲ್ಲ. ಎಲ್ಲರಿಗೂ ಒಪ್ಪಿಗೆ ಅಂದುಕೊಂಡು ಸಹಿಯ ಕಾಗದ ಹಂಚಲು ಶುರು ಮಾಡಿದರು. ಆಗ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಎದ್ದು, "ಸರ್, ಎರಡು ನಿಮಿಷ ಮೈಕು ಕೊಡ್ತೀರಾ?" ಅಂದಳು. ಅವರು ತಮಿಳಿನಲ್ಲಿ 'ತೊಳ್ಳಾಯಿರಂ' ಅಂದಿದ್ದ ದರವನ್ನು ಕನ್ನಡದಲ್ಲಿ "ಕ್ವಿಂಟಾಲಿಗೆ ಒಂಬೈನೂರು" ಅಂತ ಹೇಳಿದಳು ನೋಡಿ, ಹಿಂದಿನ ಸಾಲಿನಲ್ಲಿ ಗದ್ದಲವೇ ಎದ್ದಿತು. 'ಆಯಿರಂ' ಅಂದರೆ ಸಾವಿರ ಅಂತ ಎಲ್ಲರಿಗೂ ಗೊತ್ತು. ಕೊನೆಯಲ್ಲಿ ಅದು ಕೇಳಿಸಿದ್ದೇ ತಡ, ಹಲವರು ಸಾವಿರ ಅಂತಲೇ ಲೆಕ್ಕ ಹಾಕಿಕೊಂಡಿದ್ದರು! ತಮಿಳಿನ 'ತೊಣ್ಣೂರು' ಕೂಡ ಹೀಗೆಯೇ. ಅದು ತೊಂಬತ್ತು, ನಮ್ಮ ಕಿವಿಗೆ ಬಾಲದ 'ನೂರು' ಮಾತ್ರ ಬೀಳುತ್ತದೆ.

ಆಮೇಲೆ ಪ್ರಶ್ನೆಗಳ ಸುರಿಮಳೆ. ಗುಣಮಟ್ಟ ನೋಡುವವರು ಯಾರು? ಬೇಡವೆಂದ ಕೋಸನ್ನು ವಾಪಸ್ ತರುವ ಬಾಡಿಗೆ ಯಾರದು? ಆನೆ ನುಗ್ಗಿ ಬೆಳೆ ಹೋದರೆ ಮುಂಗಡ ತೀರಿಸಬೇಕಾ? ಅವಳು ಒಂದೊಂದನ್ನೂ ತಮಿಳಿನಲ್ಲಿ ಕೇಳಿ, ಉತ್ತರವನ್ನು ಕನ್ನಡದಲ್ಲಿ ಹೇಳಿ, ಉತ್ತರ ಸಿಗದಿದ್ದನ್ನು ಹಲಗೆಯ ಮೇಲೆ ಬರೆದಿಟ್ಟಳು. ಆ ದಿನ ಯಾರೂ ಸಹಿ ಹಾಕಲಿಲ್ಲ. ಕಂಪನಿಯವರು ಮತ್ತೆ ಬಂದಾಗ ಕಾಗದದಲ್ಲಿ ಎರಡು ಷರತ್ತು ಬದಲಾಗಿತ್ತು. ಅವಳು ಯಾರ ಪರವಾಗಿಯೂ ವಾದಿಸಲಿಲ್ಲ ಅನ್ನುವುದನ್ನು ಗಮನಿಸಿ. ಎರಡೂ ಕಡೆಯವರಿಗೆ ಒಂದೇ ಮಾತು ಕೇಳಿಸುವಂತೆ ಮಾಡಿದಳು, ಅಷ್ಟೇ.

ಆನ್‌ಲೈನ್ ಸಭೆಗಳಲ್ಲಂತೂ ಈ ಕೆಲಸ ಇನ್ನೂ ಕಷ್ಟ. 2020ರ ಕೊರೊನಾ ಕಾಲದಿಂದ ಝೂಮ್, ಗೂಗಲ್ ಮೀಟ್ ನಮ್ಮ ಬೆಟ್ಟಕ್ಕೂ ಬಂದವು. ಅಲ್ಲಿ ಮುಖ ಕಾಣುವುದಿಲ್ಲ, ಸಿಗ್ನಲ್ ನಿಲ್ಲುವುದಿಲ್ಲ. ಮೌನ ಅಂದರೆ ಒಪ್ಪಿಗೆಯೋ, ಲೈನ್ ಹೋಗಿದೆಯೋ ತಿಳಿಯುವುದಿಲ್ಲ. ಆದ್ದರಿಂದ ನಡೆಸುವವರು ಒಬ್ಬೊಬ್ಬರ ಹೆಸರು ಹಿಡಿದು ಕೇಳಬೇಕು. ಚಾಟ್‌ನಲ್ಲಿ ಬಂದ ಪ್ರಶ್ನೆಯನ್ನು ಗಟ್ಟಿಯಾಗಿ ಓದಬೇಕು. ತೀರ್ಮಾನವನ್ನು ಕೊನೆಗೆ ಎರಡೂ ಭಾಷೆಯಲ್ಲಿ ಹೇಳಿ, ಬರೆದೂ ಕಳಿಸಬೇಕು. ಝೂಮ್‌ನಲ್ಲಿ ದುಭಾಷಿಗೆ ಬೇರೆ ಧ್ವನಿ ಚಾನೆಲ್ ಕೊಡುವ ಸೌಲಭ್ಯವಿದೆ. ಆದರೆ ಆ ಚಾನೆಲ್‌ನಲ್ಲಿ ಕೂರುವ ಮನುಷ್ಯ ಬೇಕಲ್ಲ!

ಆ ಮನುಷ್ಯ ನಮ್ಮ ಶಾಲೆಗಳಲ್ಲೇ ಇದ್ದಾನೆ. 2006ರ ಕಾಯ್ದೆಯ ನಂತರ ನಮ್ಮ ಮಕ್ಕಳು ಒಂದನೇ ತರಗತಿಯಿಂದಲೇ ತಮಿಳು ಕಲಿಯುತ್ತಿದ್ದಾರೆ. ಕಡ್ಡಾಯದ ಬಗ್ಗೆ ನಮಗಿರುವ ಸಂಕಟ ನಿಮಗೆಲ್ಲ ಗೊತ್ತೇ ಇದೆ, ಅದನ್ನಿಲ್ಲಿ ಕೆದಕುವುದಿಲ್ಲ. ಆದರೆ ಎರಡು ಲಿಪಿ, ಎರಡು ಲೆಕ್ಕ, ಎರಡು ಸಂಕೋಚ ಬಲ್ಲ ಮಗು ಕೊಯಮತ್ತೂರಿನಲ್ಲೂ ಸಿಗುವುದಿಲ್ಲ, ಮೈಸೂರಿನಲ್ಲೂ ಸಿಗುವುದಿಲ್ಲ. "ಕನ್ನಡ ಮೀಡಿಯಂನಲ್ಲಿ ಓದಿ ಏನು ಮಾಡೋದು?" ಅಂತ ಕೇಳುವ ಪೋಷಕರಿಗೆ ನಾವು ಕೆಲಸದ ಭರವಸೆ ಕೊಡಲಾರೆವು. ಆದರೆ ಊರಿನ ವ್ಯವಹಾರ ಮೋಸವಿಲ್ಲದೆ ನಡೆಯಲು ನಿಮ್ಮ ಮಗು ಬೇಕು ಅಂತ ಧೈರ್ಯವಾಗಿ ಹೇಳಬಲ್ಲೆವು.

ನಾವೀಗ ಶನಿವಾರದ ಒಂದು ಪೀರಿಯಡ್ಡನ್ನು ಇದಕ್ಕೇ ಇಟ್ಟಿದ್ದೇವೆ. ಒಬ್ಬರು ಕಂಪನಿಯವರು, ಉಳಿದವರು ರೈತರು, ಒಬ್ಬರು ಮಾಡರೇಟರ್, ಒಬ್ಬರ ಕೈಯಲ್ಲಿ ಗಡಿಯಾರ. ನಿಯಮ ನಾಲ್ಕೇ. ಎರಡು ವಾಕ್ಯಕ್ಕೊಮ್ಮೆ ನಿಲ್ಲಿಸಿ ಅನುವಾದಿಸು. ಅಂಕಿಯನ್ನು ಎರಡೂ ಭಾಷೆಯಲ್ಲಿ ಹೇಳಿ ಹಲಗೆಯ ಮೇಲೆ ಬರೆ. ಪ್ರಶ್ನೆಗಳನ್ನು ಕೊನೆಗಿಡದೆ ನಡುವೆಯೇ ಕೇಳಿಸು. ಹಿಂದೆ ಕೂತ ಹೆಂಗಸರಿಗೆ ಮೊದಲು ಮೈಕು ಕೊಡು.

ತಮಿಳುನಾಡಿನಲ್ಲಿ ನವೆಂಬರ್ 1 ಸ್ಥಳೀಯಾಡಳಿತ ದಿನ. 2022ರಿಂದ ಅಂದು ಗ್ರಾಮಸಭೆಯೂ ನಡೆಯುತ್ತದೆ. ನಮ್ಮ ಶಾಲೆಗಳಿಗೆ ಅದೇ ದಿನ ರಾಜ್ಯೋತ್ಸವದ ನೆನಪು! ಆ ಸಭೆಗೆ ದೊಡ್ಡ ತರಗತಿಯ ಮಕ್ಕಳನ್ನು ಕರೆದೊಯ್ದು ಹಿಂದೆ ಕೂರಿಸಿ. ಯಾರು ಮಾತಾಡಿದರು, ಯಾರು ಸುಮ್ಮನಿದ್ದರು ಅಂತ ಪಟ್ಟಿ ಬರೆಸಿ. ಸುಮ್ಮನಿದ್ದವರ ಪಟ್ಟಿ ಎಷ್ಟು ಉದ್ದವಿದೆ ಅಂತ ಮಕ್ಕಳೇ ಹೇಳುತ್ತಾರೆ. ಪಾಠ ಅಲ್ಲಿಂದ ಶುರುವಾಗಲಿ. ಏನಂತೀರಿ?