ದೌರ್ಜನ್ಯದ ಅರ್ಕಾವತ್ತು ಮತ್ತು ಪೈಥಾನ್ 2.7



ಈ ಸಲ ಕಂಪ್ಯೂಟರ್ ವಿಷಯ. ಉದ್ದ ಅದ. ಆದರ ನಮ್ಮ ಸಂಘಟನೆಗಳ ಕಪಾಟಿನಾಗ ಧೂಳು ತಿನ್ನೋ ಹಳೇ ಸಿ.ಡಿ.ಗಳ ಮಾತು, ಹಂಗಾಗಿ ಪೂರ್ತಿ ಓದ್ರಿ.

ಕಮಲಾಪುರ ಕಡೆಯ ಒಂದು ಊರಿನ ನಮ್ಮ ಜನ ಸ್ಮಶಾನದ ಜಾಗಕ್ಕಾಗಿ 2005ರಿಂದ ಅರ್ಜಿ ಕೊಡ್ತಾ ಬಂದಾರ. ಈಗ ಒಂದು ಕಚೇರಿಯವರು ‘ಇಂಥ ಅರ್ಜಿ ನಮ್ಮಲ್ಲಿ ಸ್ವೀಕೃತವಾಗಿರುವುದಿಲ್ಲ’ ಅಂತ ಬರೆದುಕೊಟ್ಟಾರ. ನಾನೂ ಗುಮಾಸ್ತ. ಇದ್ದ ಫೈಲು ಇಲ್ಲದಂಗ ಹೆಂಗ ಆಗ್ತದ ಅಂತ ನನಗ ಯಾರೂ ಕಲಿಸಬೇಕಾಗಿಲ್ಲ.

ನಮ್ಮ ಹತ್ರ ನಕಲು ಇದ್ದವು. ಗಾಜಿಪುರದ ನಮ್ಮ ಮನೀ ಟ್ರಂಕಿನಾಗ ಕಾಗದದ ಗಂಟು, ಜೊತಿಗೆ ನುಡಿಯಲ್ಲಿ ಟೈಪ್ ಮಾಡಿದ ಇನ್ನೂರಕ್ಕೂ ಹೆಚ್ಚು ಫೈಲು. ಅರ್ಜಿ, ಧರಣಿಯ ಕರಪತ್ರ, ಕಂಬಾಲಪಲ್ಲಿ ಆರೋಪಿಗಳು 2006ರಲ್ಲಿ ಖುಲಾಸೆಯಾದಾಗ ಹಂಚಿದ ಹಾಳೆ, ಎಲ್ಲಾ ಅದರಾಗೇ. ನುಡಿ ಫಾಂಟ್ ಹಾಕಿದ್ರ ಓದಬಹುದು, ಪ್ರಿಂಟೂ ತೆಗೀಬಹುದು. ಹುಡುಕಲಾಕ ಬರಂಗಿಲ್ಲ. ಯಾಕಂದ್ರ ಫೈಲಿನ ಒಳಗ ಇರೋದು ಕನ್ನಡ ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. ಫಾಂಟು ಅವುಗಳ ಮ್ಯಾಲ ಕನ್ನಡದ ಮುಖ ತೊಡಿಸ್ತದ, ಅಷ್ಟ. ಊರಿನ ಹೆಸರು ಹುಡುಕಬೇಕಂದ್ರ ಎಲ್ಲಾನೂ ಯೂನಿಕೋಡ್ ಆಗಬೇಕು.

ಅದಕ್ಕ ನಮ್ಮ ಗೆಳೆಯನೊಬ್ಬ 2011ರಲ್ಲೇ ಪೈಥಾನ್ 2.7ರಲ್ಲಿ ಒಂದು ಸ್ಕ್ರಿಪ್ಟ್ ಬರೆದಿದ್ದ. ಅವ ಈಗಿಲ್ಲ. ಸಣ್ಣ ಕೆಲಸ ಅಂತ ತಿಳೀಬ್ಯಾಡ್ರಿ. ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣೋ ಹಂಗ ವ್ಯಂಜನದ ನಂತರ ಕೂತಿರ್ತದ. ಯೂನಿಕೋಡ್‌ನಲ್ಲಿ ಉಚ್ಚಾರದ ಹಂಗ ರಕಾರ ಮೊದಲು ಬರಬೇಕು. ಅಕ್ಷರ ಬದಲಿಸಿದ್ರ ಸಾಲದು, ಜಾಗಾನೂ ಬದಲಿಸಬೇಕು. ನಮ್ಮ ಕಾಗದದಾಗ ಮತ್ತ ಮತ್ತ ಬರೋ ಪದ ನೋಡ್ರಿ: ಅರ್ಜಿ, ವರ್ಗ, ದೌರ್ಜನ್ಯ, ಗುಲ್ಬರ್ಗಾ. ಎಲ್ಲದರಾಗೂ ಅರ್ಕಾವತ್ತು. ನಮ್ಮ ಕೇರಿಗಳ ಹೆಸರು, ಹಿರಿಯರ ಹೆಸರು ತಪ್ಪದಂಗ ಅವ ಕೈಯಾರೆ ಒಂದು ಪಟ್ಟಿನೂ ಸೇರಿಸಿದ್ದ.

ನನ್ನ ಲ್ಯಾಪ್‌ಟಾಪಿನಾಗ ಈಗ ಉಬುಂಟು 24.04. ಪೈಥಾನ್ 2ಕ್ಕೆ 2020ರ ಜನವರಿ 1ಕ್ಕೇ ಬೆಂಬಲ ನಿಂತದ, ಉಬುಂಟುದವರು ಅದನ್ನ ಈಗ ಕೊಡೋದೇ ಇಲ್ಲ. ಕಮಲಾಪುರದ ಒಬ್ಬ ಎಂಜಿನಿಯರಿಂಗ್ ಹುಡುಗ ಬಂದಿದ್ದ. "ಕಾಕಾ, ಹಳೀದ್ಯಾಕ ಬೇಕ್ರಿ? ಪೈಥಾನ್ 3ಕ್ಕ ಬದಲಿಸಿ ಕೊಡ್ತೀನಿ" ಅಂದ. ಅದಕ್ಕೊಂದು ಟೂಲ್ ಅದ. ಆದರ ಹಳೇ ಪೈಥಾನ್ ಬೈಟನ್ನೂ ಅಕ್ಷರಾನೂ ಒಂದೇ ಚೀಲದಾಗ ಹಾಕ್ತಿತ್ತು, ಹೊಸದು ಬೇರೆ ಬೇರೆ ಮಾಡ್ತದ. ಯಾವುದು ಏನು ಅಂತ ಟೂಲಿಗೆ ತಿಳಿಯಂಗಿಲ್ಲ. ಎರರ್ ಬಂತು. ಹುಡುಗ ಎರರ್ ಬಿಟ್ಟು ಮುಂದ ಹೋಗು ಅಂತ ಒಂದು ಮಾತು ಸೇರಿಸಿದ. ಪ್ರೋಗ್ರಾಮ್ ಬಾಯಿ ಮುಚ್ಚಿಕೊಂಡು ಓಡಿತು. ದೌರ್ಜನ್ಯ ಅಂತ ಇದ್ದ ಜಾಗದಾಗ ಒಂದೆರಡು ತುಂಡು ಅಕ್ಷರ ಉಳಿದ್ವು! ಹುಡುಗನೂ ನಕ್ಕ. "ಇದು ಬ್ಯಾಡ್ರಿ ಕಾಕಾ, ಹಳೀದನ್ನೇ ಕಟ್ಟೋಣ" ಅಂದ.

ಪೈಥಾನ್ 2.7ರ ಕೊನೆಯ ಆವೃತ್ತಿ 2.7.18, 2020ರ ಏಪ್ರಿಲ್‌ದು. ಅದರ ಸೋರ್ಸ್ ಕೋಡ್ ಅವರ ಜಾಲತಾಣದಾಗ ಇನ್ನೂ ಅದ, ಯಾರ ಅಪ್ಪಣೆನೂ ಬೇಕಾಗಿಲ್ಲ. ಮೊದಲು ಕಾನ್ಫಿಗರ್, ಆಮ್ಯಾಲ ಮೇಕ್. ಪರದೆ ಮ್ಯಾಲ ಸಾಲು ಸಾಲು ಹರೀತಾವ, ಕೊನೀಗೆ ಆಯ್ತು ಅಂತದ. ಅಲ್ಲೇ ಎದ್ದು ಹೋಗಬ್ಯಾಡ್ರಿ. ಕೆಳಗ ಒಂದು ಪಟ್ಟಿ ಇರ್ತದ, ಬೇಕಾದ ಸಾಮಾನು ಸಿಗಲಿಲ್ಲ ಅಂತ ಬಿಟ್ಟ ಮಾಡ್ಯೂಲ್‌ಗಳದು. ನಮ್ಮದರಾಗ ಜಿಪ್ ಬಿಚ್ಚೋ ಜೆಡ್‌ಲಿಬ್ ಇದ್ದಿಲ್ಲ. ಅದರ ಡೆವಲಪ್‌ಮೆಂಟ್ ಪ್ಯಾಕೇಜ್ ಹಾಕಿ ಮತ್ತ ಮೊದಲಿಂದ ಕಟ್ಟಿದ್ವಿ. ಎಸ್‌ಎಸ್‌ಎಲ್ ಕೂಡಲಿಲ್ಲ. ಹಳೇ ಪೈಥಾನ್ ಬರೆದಾಗ ಓಪನ್‌ಎಸ್‌ಎಸ್‌ಎಲ್ 3 ಇರಲೇ ಇಲ್ಲ. ನಾ ಬಿಡು ಅಂದೆ. ಫೈಲ್ ಬದಲಿಸಲಾಕ ಇಂಟರ್ನೆಟ್ ಯಾಕ ಬೇಕು? ಭದ್ರತಾ ತಿದ್ದುಪಡಿ ನಿಂತ ಸಾಮಾನು ಅದು, ಹೊರಗ ಬಿಡದಿದ್ರೇ ಒಳ್ಳೇದು.

ಇನ್ನೊಂದು. ಹಾಕುವಾಗ ನಿಮ್ಮದೇ ಹೋಮ್ ಫೋಲ್ಡರಿನಾಗ ಬೇರೆ ಜಾಗ ಕೊಡ್ರಿ, ‘ಮೇಕ್ ಆಲ್ಟ್‌ಇನ್‌ಸ್ಟಾಲ್’ ಅಂತ ಕೊಡ್ರಿ. ಉಬುಂಟು ತನ್ನ ಕೆಲಸಕ್ಕ ಪೈಥಾನ್ 3ನ್ನೇ ನಂಬಿಕೊಂಡದ. ಅದನ್ನ ತೆಗೆದು ಹಳೇದನ್ನ ಕೂಡಿಸಿದ್ರ ಇಡೀ ಸಿಸ್ಟಮ್ ಕೈಕೊಡ್ತದ.

ಗೆಳೆಯನ ಸ್ಕ್ರಿಪ್ಟಿನ ಒಂದು ಸಾಲೂ ಮುಟ್ಟಲಿಲ್ಲ. ಎಲ್ಲಾ ಫೈಲೂ ಬದಲಾದ್ವು. ಕಲಬುರಗಿ ಅಂತ ಹುಡುಕಿದ್ರ ಆ ಅರ್ಜಿ ಸಿಗಲಿಲ್ಲ, ಸಿಗೋದೂ ಇಲ್ಲ. ಹೆಸರು ಬದಲಾಗಿದ್ದು 2014ರ ನವೆಂಬರ್ 1ಕ್ಕ. ಕಮಲಾಪುರನೂ ಆಗ ತಾಲ್ಲೂಕು ಆಗಿರಲಿಲ್ಲ. ಗುಲ್ಬರ್ಗಾ ತಾಲ್ಲೂಕು ಅಂತ ಕೊಟ್ಟ ಮ್ಯಾಲ ಸಿಕ್ತು: 2005ರ ಮೊದಲ ಅರ್ಜಿ, ಎರಡು ನೆನಪೋಲೆ, ಸರ್ವೆ ನಂಬರ್ ಸಮೇತ. ತಾರೀಖು ಗೊತ್ತಾದ ಕೂಡಲೇ ಟ್ರಂಕಿನ ಗಂಟು ಬಿಚ್ಚಿ ಆ ದಿನದ ಕಾಗದ ತೆಗೆದೆ. ಹಿಂದ ಅದೇ ಕಚೇರಿಯ ದುಂಡು ಸೀಲು, ಸಹಿ.

ಆ ತಿಂಗಳ ಆವಕ ವಹಿಯ ಪುಟಗಳ ನಕಲು ಕೊಡ್ರಿ ಅಂತ ಮಾಹಿತಿ ಹಕ್ಕಿನಡಿ ಕೇಳೇವಿ. 30 ದಿನ ಇನ್ನೂ ಮುಗಿದಿಲ್ಲ. ಬಂದ ಉತ್ತರ ಇಲ್ಲೇ ಹಾಕ್ತೀನಿ.

ನಿಮ್ಮ ಸಂಘಟನೆಯ ಹಳೇ ನುಡಿ, ಬರಹ ಫೈಲು, ಸಿ.ಡಿ. ಏನೇ ಇದ್ರೂ ಎಸೀಬ್ಯಾಡ್ರಿ. ಸಿ.ಡಿ. ಪದರ ಸುಲಿದು ಹೋಗೋ ಮೊದಲು ಕಾಪಿ ಮಾಡಿಕೊಳ್ರಿ. ಬರಹ ಫೈಲುಗಳ ಮ್ಯಾಲ ಹುಡುಗ ಕೂತಾನ. ಭಾನುವಾರ ನಾವಿಬ್ಬರೂ ಗಾಜಿಪುರದಾಗೇ ಇರ್ತೀವಿ, ಪೆನ್‌ಡ್ರೈವ್ ತಗೊಂಡು ಬರ್ರಿ.